ಗಾಜಿನ ಮೇಲಿನ ಉಪ್ಪು

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಏಳೂವರೆಗೆ ಬೀರಮ್ಮ ಗಾಜು ಒರೆಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿಯವರೆಗೆ ನಾನೊಬ್ಬ ಗೌರವಸ್ಥ ವಿಜ್ಞಾನಿಯಾಗಿದ್ದೆ.

ಗಂಗಾವಳಿ ನದಿ ಸಮುದ್ರ ಸೇರುವ ಕಡೆ ಹೊಸಕಟ್ಟೆ ಎಂಬ ಉಪ್ಪಿನಾಗರವಿದೆ, ಕಡಲ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಬಯಲು. ಆಗರದ ಗೋದಾಮಿನ ತಾರಸಿಯ ಮೇಲೆ ಬಿಸಿಲು ಅಳೆಯುವ ಯಂತ್ರ ಕೂರಿಸಿದ್ದೇವೆ. ಅದರ ನೆತ್ತಿಯ ಮೇಲೆ ಅರ್ಧ ನಿಂಬೆಹಣ್ಣಿನಷ್ಟು ದೊಡ್ಡ ಗಾಜಿನ ಗುಮ್ಮಟ. ವರ್ಷಕ್ಕೊಮ್ಮೆ ನಾನು ಬೆಂಗಳೂರಿನಿಂದ ಬಂದು ತಪಾಸಣೆ ಮಾಡುತ್ತೇನೆ. ಬರುವ ದಿನ ತಿಳಿಸಿ ಮಧ್ಯಾಹ್ನದ ಹೊತ್ತಿಗೆ ಬರುವುದು ವಾಡಿಕೆ; ಗಾಜು ಹೊಳೆಯುತ್ತಿದ್ದರೆ, ನಾನು ಬರುತ್ತೇನೆಂದು ಅಂದು ಮಾತ್ರ ಒರೆಸಿದ್ದಾರೆ ಎಂದುಕೊಳ್ಳುತ್ತಿದ್ದೆ. ಈ ಸಲ ಬಸ್ಸು ಬೇಗ ತಲುಪಿಬಿಟ್ಟಿತು. ಏಣಿ ಹತ್ತಿ ತಾರಸಿಗೆ ತಲೆ ಹಾಕಿದರೆ, ಆಗರದಲ್ಲಿ ದುಡಿಯುತ್ತ ನಮ್ಮ ಯಂತ್ರವನ್ನೂ ನೋಡಿಕೊಳ್ಳುವ, ಅರವತ್ತು ದಾಟಿದ ಬೀರಮ್ಮ ಕುಕ್ಕರಗಾಲಿನಲ್ಲಿ ಕೂತು, ಹಳೇ ಪಂಚೆಯ ತುಂಡನ್ನು ಬಾಟಲಿಯ ನೀರಿನಲ್ಲಿ ಅದ್ದಿ ಗುಮ್ಮಟವನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತಿದ್ದರು.

"ಬೀರಮ್ಮಾ! ಎಂತ ಮಾಡ್ತಾ ಇದ್ದೀರಿ?"

"ಎಂತ ಮಾಡೂದು ನಾಯ್ಕರೆ? ಗಾಜು ಒರಸ್ತೆ. ಉಪ್ ಕೂತದೆ ಅಲ್ದಾ."

"ದಿನಾ ಒರೆಸ್ತೀರಾ?"

"ಬೆಳಗಾತು ಒಂದ್ಸಲ. ಗಾಳಿ ಜೋರಿದ್ರೆ ಮಧ್ಯಾನ್ನ ಮತ್ತೊಂದ್ಸಲ. ಮಳೆನೀರು ಹಿಡ್ದು ಇಟ್ಕಂಡೆ, ಬಾವಿ ನೀರು ಆದ್ರೆ ಕಲೆ ಬೀಳ್ತದೆ."

"ಯಾವಾಗಿಂದ?"

"ನೀವ್ ಇದನ್ನ ಇಟ್ಟ ದಿನದಿಂದ, ಏಳ್ ವರ್ಸ ಆಯ್ತು. ನಡುವೆ ಹತ್ತು ದಿನ ಮುಟ್ಬೇಡಿ ಅಂದಿದ್ರಿ ನೀವೇ. ಆವಾಗ ಮುಟ್ಲಿಲ್ಲ ನಾನು."

ನಾನು ಏಣಿಯ ಕೊನೆಯ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಯಾಕೆ ಕೂತೆನೆಂದು ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. ಭೂಮಿ ಕಾದು ಕಾದು, ಹಿಂದೂ ಮಹಾಸಾಗರದ ದಡದ ಊರುಗಳಲ್ಲಿ ಜನ ಹಗಲು ಹೊತ್ತು ಹೊರಬೀಳದಂತಾದಾಗ ಇಪ್ಪತ್ತೆರಡು ದೇಶಗಳು ಸೇರಿ ಸಾಗರ ನೆರಳು ಮಂಡಳಿ ಎಂಬುದನ್ನು ಕಟ್ಟಿಕೊಂಡವು. ಉಪಾಯ ಸರಳ. ದೊಡ್ಡ ಹಡಗುಗಳು ಸಮುದ್ರದ ನೀರನ್ನೇ ಹೀರಿ ನವಿರಾದ ಉಪ್ಪಿನ ಮಂಜು ಮಾಡಿ ಆಕಾಶಕ್ಕೆ ಊದುವುದು. ಆ ಉಪ್ಪಿನ ಕಣಗಳಿಂದ ಮೋಡ ಇನ್ನಷ್ಟು ಬೆಳ್ಳಗಾಗುತ್ತದೆ, ಬೆಳ್ಳಗಿನ ಮೋಡ ಬಿಸಿಲನ್ನು ವಾಪಸು ಕಳಿಸುತ್ತದೆ. ನೂರು ಪಾಲು ಬಿಸಿಲಿನಲ್ಲಿ ಎರಡು ಪಾಲು ತಡೆದರೆ ಸಾಕು, ತೊಂಬತ್ತೆಂಟು ಕೆಳಗಿಳಿಯಲಿ ಎಂದು ಒಪ್ಪಂದವಾಯಿತು. ಅದಕ್ಕಿಂತ ಹೆಚ್ಚು ತಡೆದರೆ ಸಮುದ್ರ ತಣ್ಣಗಾಗಿ ಮಳೆಯೇ ಕೈಕೊಡುತ್ತದೆಂಬ ಭಯ ಎಲ್ಲರಿಗೂ ಇತ್ತು.

ಹಡಗು ಉತ್ತರದ ಶ್ರೀಮಂತ ದೇಶಗಳದ್ದು, ಮಳೆ ನಮ್ಮದು. ನಂಬಿಕೆ ಎಲ್ಲಿಂದ ಬರಬೇಕು? ಒಬ್ಬರ ಉಪಗ್ರಹದ ಲೆಕ್ಕವನ್ನು ಇನ್ನೊಬ್ಬರು ಒಪ್ಪಲಿಲ್ಲ. ಕೊನೆಗೆ, ಯಾರೂ ಕೈಯಾಡಿಸಲು ಬಾರದಂಥ ಸಾದಾ ಗಾಜಿನ ಯಂತ್ರಗಳನ್ನು ಅರವತ್ತೊಂದು ಕರಾವಳಿ ಊರುಗಳಲ್ಲಿ ಇಡುವುದೆಂದಾಯಿತು. ಅವು ಹೇಳಿದ ಅಂಕಿ ಮೊಂಬಾಸಾದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಬಿಸಿಲು ಹೆಚ್ಚಿದ್ದರೆ ಅಲ್ಲಿನ ಕಂಪ್ಯೂಟರ್ ಹಡಗುಗಳಿಗೆ "ಇನ್ನಷ್ಟು ಊದಿ" ಎನ್ನುತ್ತದೆ, ಕಡಿಮೆಯಿದ್ದರೆ "ಸಾಕು" ಎನ್ನುತ್ತದೆ.

ಇಲ್ಲಿ ಈ ವಿಠೋಬ ನಾಯಕನ ಪ್ರವೇಶ. ಹಡಗುಗಳು ಉಪ್ಪು ಊದತೊಡಗಿದರೆ ಗಾಳಿಗೆ ಆ ಉಪ್ಪು ದಡಕ್ಕೆ ಬಂದು ಗಾಜಿನ ಮೇಲೆ ಕೂರುವುದಿಲ್ಲವೇ, ಆಗ ಯಂತ್ರ ಬಿಸಿಲನ್ನು ಕಡಿಮೆ ತೋರಿಸುವುದಿಲ್ಲವೇ ಎಂದು ನಾನು ಸಭೆಯಲ್ಲಿ ಎದ್ದು ಕೇಳಿದೆ. ಎಲ್ಲರೂ ತಲೆದೂಗಿದರು. ಹೊಸಕಟ್ಟೆಯಲ್ಲೇ ಹತ್ತು ದಿನ ಗಾಜು ಮುಟ್ಟಗೊಡದೆ ಪ್ರಯೋಗ ಮಾಡಿದೆ. ಉಪ್ಪಿನ ಪೊರೆ ಐದು ಪಾಲು ಬಿಸಿಲನ್ನು ನುಂಗುತ್ತದೆಂದು ಸಾಧಿಸಿದೆ. ಆದ್ದರಿಂದ ಪ್ರತಿ ಕೇಂದ್ರದ ಅಂಕಿಗೆ ಐದು ಕೂಡಿಸಬೇಕು. ಇದಕ್ಕೆ ಜಗತ್ತಿನಾದ್ಯಂತ "ನಾಯಕ ತಿದ್ದುಪಡಿ" ಎಂಬ ಹೆಸರು ಬಂತು. ನಾನು ಸನ್ಮಾನದ ಶಾಲುಗಳನ್ನು ಇಡಲು ಹೊಸ ಬೀರು ಕೊಂಡೆ.

ಗಾಜನ್ನು ಯಾರೂ ಮುಟ್ಟಬಾರದು ಎಂದು ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದೆವು. ನಾನು ಹುಟ್ಟಿದ್ದು ಅಂಕೋಲೆಯಲ್ಲಿ. ನಮ್ಮ ಅವ್ವ ಬೆಳಿಗ್ಗೆ ಎದ್ದ ತಕ್ಷಣ ಕಿಟಕಿ, ಕನ್ನಡಿ, ಸೈಕಲ್ಲು, ದೇವರ ಫೋಟೋ ಎಲ್ಲದರ ಉಪ್ಪು ಒರೆಸಿದ ಮೇಲೇ ಚಹಾಕ್ಕೆ ನೀರಿಡುತ್ತಿದ್ದಳು. ಕಡಲ ದಂಡೆಯಲ್ಲಿ ಗಾಜೊಂದನ್ನು ಒರೆಸದೆ ಬಿಡುವ ಹೆಂಗಸು ಇರುವುದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ತಿಳಿದಿರಬೇಕಿತ್ತು? ಓದು ಹೆಚ್ಚಾಗಿ ಅದೇ ಮರೆತುಹೋಗಿತ್ತು.

ಬೀರಮ್ಮ ನನ್ನನ್ನು ಕೆಳಗಿಳಿಸಿ ತಮ್ಮ ಮನೆಗೆ ಕರೆದೊಯ್ದು ಗಂಜಿ, ಒಣಮೀನಿನ ಚಟ್ನಿ ಇಟ್ಟರು. ನಾನು ಗಂಜಿ ಮುಟ್ಟದೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಒರೆಸಿದ ಗಾಜು ಹೇಳಿದ್ದು ನಿಜವಾದ ಬಿಸಿಲು. ಅದಕ್ಕೆ ನಾವು ಸುಮ್ಮನೆ ಐದು ಕೂಡಿಸಿದೆವು. ಕಂಪ್ಯೂಟರಿಗೆ ತೊಂಬತ್ತೆಂಟು ಕಾಣಬೇಕಾದರೆ ನಿಜವಾದ ಬಿಸಿಲು ತೊಂಬತ್ತಮೂರಕ್ಕೆ ಇಳಿಯಬೇಕು. ಅಲ್ಲಿಯವರೆಗೆ ಅದು ಹಡಗುಗಳಿಗೆ ಊದಿ, ಊದಿ ಎನ್ನುತ್ತಲೇ ಇತ್ತು. ಎರಡು ಪಾಲು ನೆರಳು ಕೇಳಿದ ಜಗತ್ತಿಗೆ ನಾನು ಏಳು ಪಾಲು ಕೊಟ್ಟಿದ್ದೆ.

"ಬೀರಮ್ಮ, ಆಗರದಲ್ಲಿ ಉಪ್ಪು ಮೊದಲು ಎಷ್ಟು ದಿನಕ್ಕೆ ಹರಳುಗಟ್ಟಿ ಕೂಡ್ತಿತ್ತು?"

"ಎಂಟನೇ ದಿನಕ್ಕೆ ಎಳೀತಿದ್ರು. ಈಗ ಹತ್ತಾದ್ರೂ ಸಮಾ ಕೂಡೂದಿಲ್ಲ. ಬಿಸ್ಲೇ ಬಿಳಚ್ಕಂಡದೆ. ನಿಮ್ಗೆ ಫೋನ್ ಮಾಡಿ ಹೇಳ್ದೆ ಅಲ್ದಾ, ಮೂರ್ ವರ್ಸದ ಹಿಂದೆ?"

ಹೇಳಿದ್ದರು. ಯಂತ್ರದ ಅಂಕಿ ಸರಿಯಾಗಿದೆ, ಮನುಷ್ಯರ ಕಣ್ಣು ಮೋಸ ಮಾಡುತ್ತದೆ ಎಂದು ನಾನು ಹತ್ತು ನಿಮಿಷ ಪಾಠ ಮಾಡಿದ್ದೆ. ಅದನ್ನೇ ವರದಿಯಲ್ಲೂ ಬರೆದೆ. ಆಗರ ನಡೆಸುವ ಸಂಘದವರು ಆ ವರದಿ ಹಿಡಿದುಕೊಂಡು, ಬಿಸಿಲು ಮೊದಲಿನಷ್ಟೇ ಇರುವಾಗ ಉಪ್ಪು ಕಡಿಮೆಯಾಗಿದೆಯೆಂದರೆ ಆಗರದಲ್ಲಿ ದುಡಿಯುವ ಆಗೇರರು ಮೈಗಳ್ಳರಾಗಿದ್ದಾರೆ ಎಂದು ತೀರ್ಮಾನಿಸಿದ್ದರು. ಈ ಹಂಗಾಮು ಮುಗಿದೊಡನೆ ಆಗರ ಮುಚ್ಚುವುದೆಂದು ನೋಟೀಸು ಬಂದಿತ್ತು. ನೂರಾ ನಲವತ್ತು ಮನೆಯವರು. ಬೀರಮ್ಮನ ಸೊಸೆ ಆ ನೋಟೀಸನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಳು. ಅದರಲ್ಲಿ ನನ್ನ ಹೆಸರಿತ್ತು.

"ಮೈಗಳ್ಳಿ ಅಂದ್ರು ನನ್ನ," ಎಂದರು ಬೀರಮ್ಮ. ಸಿಟ್ಟಿನಿಂದಲ್ಲ, ಇನ್ನೂ ನಂಬಿಕೆಯಾಗದವರ ಧ್ವನಿಯಲ್ಲಿ. "ಹನ್ನೆರಡನೇ ವರ್ಸಕ್ಕೆ ಆಗರಕ್ಕೆ ಇಳ್ದವಳು ನಾನು."

ನಾನು ಅದೇ ಜಗಲಿಯಲ್ಲಿ ಕೂತು ಇತರ ಕೇಂದ್ರಗಳಿಗೆ ಫೋನು ಹಚ್ಚಿದೆ. ಒಳಗೊಳಗೇ ಆಸೆಯಿತ್ತು, ಇದು ಹೊಸಕಟ್ಟೆಯೊಂದರ ಕಥೆಯಾಗಿರಲಿ ಎಂದು. ರತ್ನಾಗಿರಿಯ ಕಾವಲುಗಾರ ಹಿಂದಿಯಲ್ಲಿ, ಗಾಜು ಕನ್ನಡಿಯ ಹಾಗೆ ಇಟ್ಟಿದ್ದೇನೆ ಸಾಹೇಬರೇ ಎಂದ. ಕೊಲ್ಲಂನಲ್ಲಿ ಮಗಳ ಹಳೇ ಕಾಲುಚೀಲದಿಂದ ಒರೆಸುತ್ತಿದ್ದರು. ಜಾಂಜಿಬಾರಿನ ಮಸೀದಿಯ ಮುದುಕ ದಿನಕ್ಕೆ ಐದು ಸಲ. ಮಾಲ್ಡೀವ್ಸಿನ ಟೀಚರಮ್ಮ, ಒರೆಸದೆ ಇರುವುದಾದರೂ ಹೇಗೆ ಎಂದು ನನ್ನನ್ನೇ ಕೇಳಿದಳು. ಅರವತ್ತೊಂದರಲ್ಲಿ ಐವತ್ತೆಂಟು ಕೇಂದ್ರದವರು ಒರೆಸುತ್ತಿದ್ದರು. ಉಳಿದ ಮೂವರು ಫೋನು ಎತ್ತಲಿಲ್ಲ. ಜಗತ್ತಿನ ಕರಾವಳಿಯಷ್ಟೂ ಒಟ್ಟಾಗಿ ನನ್ನ ಗಾಜು ಒರೆಸಿತ್ತು.

ಹದಿನಾಲ್ಕರಂದು ನಾನು ಮೊಂಬಾಸಾದಲ್ಲಿದ್ದೆ. ಹದಿನಾರಕ್ಕೆ ಮಂಡಳಿಯ ಮಹಾಸಭೆ. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಸಮುದ್ರದ ನಕ್ಷೆ, ಅದರ ಮೇಲೆ ಮುನ್ನೂರು ಹಸಿರು ಚುಕ್ಕೆ. ಒಂದೊಂದೂ ಒಂದು ಮಂಜು ಹಡಗು. ನಮ್ಮ ನಿಯೋಗದ ಮುಖ್ಯಸ್ಥೆ ಪದ್ಮಜಾ ಇನಾಂದಾರ್ ಧಾರವಾಡದವರು, ಮಾತಿನಲ್ಲಿ ಎಂಥವರನ್ನೂ ಮಣಿಸಬಲ್ಲವರು. ನನ್ನ ಕಾಗದವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಅಂದ್ರ ಯಾರೂ ಕಳವು ಮಾಡಿಲ್ಲೇನ್ರೀ?"

"ಯಾರೂ ಇಲ್ಲ ಮೇಡಂ. ಕಂಪ್ಯೂಟರ್ ಕೇಳಿದಷ್ಟೇ ಅವರು ಊದಿದ್ದಾರೆ."

"ಮತ್ತ ಆ ಅಲ್ಬಾ ಹಡಗು?"

ಹಡಗುಗಳು ಊದತೊಡಗಿದ ನಾಲ್ಕನೆಯ ವರ್ಷ ಮಳೆ ಕಡಿಮೆಯಾದಾಗಿನಿಂದ, ಉತ್ತರದವರು ಕದ್ದು ಹೆಚ್ಚು ಊದುತ್ತಿದ್ದಾರೆ, ಕಂಪ್ಯೂಟರನ್ನೇ ತಿರುಚಿದ್ದಾರೆ ಎಂದು ನಾವು ಕೂಗಾಡುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಟೀವಿಯಲ್ಲಿ ಕೂಗಿದವನು ನಾನು. ಕಳ್ಳರು ಎಂಬ ಪದ ನನ್ನದೇ. ಹೋದ ವರ್ಷ ಲಕ್ಷದ್ವೀಪದಾಚೆ ಅಲ್ಬಾ ಎಂಬ ಮಂಜು ಹಡಗಿಗೆ ಎಲ್ಲಿಂದಲೋ ಕ್ಷಿಪಣಿ ಬಂದು ಬಡಿಯಿತು. ಹನ್ನೆರಡು ನಾವಿಕರು ಸತ್ತರು. ಹೊಡೆದವರು ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ಈಗ ಹದಿನಾರರ ಸಭೆಯಲ್ಲಿ, ದಕ್ಷಿಣದ ದೇಶಗಳ ಯುದ್ಧನೌಕೆಗಳು ಮಂಜು ಹಡಗುಗಳನ್ನು ತಡೆದು ವಶಪಡಿಸಿಕೊಳ್ಳಬಹುದು ಎಂಬ ನಿರ್ಣಯ ಮತಕ್ಕೆ ಬರುವುದಿತ್ತು. ಅದಕ್ಕೆ ಮುಖ್ಯ ಸಾಕ್ಷಿ ನಾನೇ.

ಪದ್ಮಜಾ ಬಾಗಿಲು ಹಾಕಿ ಬಂದರು. "ನಾಯಕ್ರ, ನಾ ಸುಳ್ಳು ಹೇಳ್ರಿ ಅನ್ನೂದಿಲ್ಲ. ಸುಮ್ನಿರ್ರಿ. ವರ್ಷಕ್ಕ ಅರ್ಧರ್ಧ ಪಾಲು ನಿಮ್ಮ ತಿದ್ದುಪಡಿ ಇಳಿಸ್ಕೋತ ಹೋಗೂಣು. ಹತ್ತು ವರ್ಷಕ್ಕ ಎಲ್ಲಾ ಸರಿ ಆಗ್ತದ. ಏಕದಂ ನೆರಳು ತಗದ್ರ ಏನಾಗ್ತದ ಅಂತ ನನಗಿಂತ ನಿಮಗ ಗೊತ್ತದ."

ಗೊತ್ತಿತ್ತು. ಏಳು ವರ್ಷ ತಡೆದಿಟ್ಟ ಬಿಸಿಲು ಒಮ್ಮೆಲೇ ಸಮುದ್ರದ ಮೇಲೆ ಬಿದ್ದರೆ, ಹಳೆಯ ಸೆಕೆಯೆಲ್ಲ ಬಡ್ಡಿಸಮೇತ ವಾಪಸು ಬರುತ್ತದೆ. ಮನೆಯಿಂದ ಹೊರಬಿದ್ದವರು ಹೊರಗೇ ಬೀಳುತ್ತಾರೆ. ಪದ್ಮಜಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಸುಮ್ಮನಿದ್ದರೆ ನಾಡಿದ್ದು ಯುದ್ಧನೌಕೆಗಳು ಹೊರಡುತ್ತವೆ. ಹೊಸಕಟ್ಟೆಯ ಜನ ಮೈಗಳ್ಳರಾಗಿಯೇ ಮನೆ ಖಾಲಿ ಮಾಡುತ್ತಾರೆ.

ಸಂಜೆ ಬೀರಮ್ಮನಿಗೆ ಫೋನು ಮಾಡಿದೆ. ನಿಜ ಹೇಳಿದರೆ ನೆರಳು ಹೋದೀತು, ಸೆಕೆ ಬಂದೀತು, ಹೇಳದಿದ್ದರೆ ಹೀಗಾದೀತು ಎಂದು ಏನೇನೋ ವಿವರಿಸಿದೆ. ನಿಜಕ್ಕೂ ನನಗೆ ಬೇಕಾಗಿದ್ದುದು, ಸುಮ್ಮನಿರಿ ಎಂದು ಅವರೂ ಒಂದು ಮಾತು ಹೇಳುವುದು.

"ಅದೆಲ್ಲ ನಂಗೆ ತಿಳೀತಿಲ್ಲ ನಾಯ್ಕರೆ," ಎಂದರು. "ಒರಸೂದು ನನ್ ಕೆಲ್ಸ, ಬರಿಯೂದು ನಿಮ್ದು. ನಾನಂತೂ ಒಂದ್ ದಿನಾನೂ ತಪ್ಸಲಿಲ್ಲ."

ಸಭೆಯಲ್ಲಿ ನಾನು ಹದಿನೇಳು ನಿಮಿಷ ಮಾತಾಡಿದೆ. ಕಳ್ಳರು ಎಂದದ್ದಕ್ಕೆ ಕ್ಷಮೆ ಕೇಳಿದೆ. ಅಲ್ಬಾದ ಹನ್ನೆರಡು ಹೆಸರು ಓದಿದೆ. ಕೂಗು ಏಳುತ್ತದೆ, ಚಪ್ಪಲಿ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಚಪ್ಪಲಿ ಬೀಳಲಿಲ್ಲ. ಇಪ್ಪತ್ತೆರಡು ದೇಶದವರು ಪರಸ್ಪರ ಮುಖ ನೋಡದೆ ತಂತಮ್ಮ ಮೇಜು ನೋಡುತ್ತ ಕೂತಿದ್ದರು. ನಾಲ್ಕು ವರ್ಷ ಒಬ್ಬರನ್ನೊಬ್ಬರು ಕೊಲ್ಲುವಷ್ಟು ದ್ವೇಷಿಸಿದ್ದು ಒಂದು ಪಂಚೆಯ ತುಂಡಿನ ದೆಸೆಯಿಂದ ಎಂಬುದನ್ನು ಯಾರಿಗೂ ಅರಗಿಸಿಕೊಳ್ಳಲು ಆಗುತ್ತಿರಲಿಲ್ಲ. ಕೊನೆಗೆ ಉತ್ತರದ ಕಡೆಯ ಮುದುಕರೊಬ್ಬರು, ನಿಮ್ಮಲ್ಲಿ ಗಾಜು ಒರೆಸಿದವರ ಹೆಸರೇನು ಎಂದು ಕೇಳಿದರು. ಬೀರಮ್ಮ ಆಗೇರ ಎಂದೆ. ಅವರು ಅದನ್ನು ನಿಧಾನವಾಗಿ ಬರೆದುಕೊಂಡರು.

ಯುದ್ಧನೌಕೆಯ ನಿರ್ಣಯ ಬಿದ್ದುಹೋಯಿತು. ನಾಯಕ ತಿದ್ದುಪಡಿಯನ್ನು ಕಿತ್ತುಹಾಕಿದರು. ನೆರಳನ್ನು ಒಮ್ಮೆಲೇ ತೆಗೆಯದೆ, ತೊಂಬತ್ತಮೂರರಿಂದ ವರ್ಷಕ್ಕೆ ಅರ್ಧ ಪಾಲಿನಂತೆ ಹತ್ತು ವರ್ಷದಲ್ಲಿ ತೊಂಬತ್ತೆಂಟಕ್ಕೆ ಏರಿಸುವುದೆಂದು ಎಲ್ಲರೂ ಒಪ್ಪಿದರು. ಬಿಸಿಲು ಕಡಿಮೆಯಾದದ್ದು ನಿಜವೆಂಬ ಪತ್ರ ನನ್ನ ಕೈಯಿಂದಲೇ ಹೊಸಕಟ್ಟೆಯ ಸಂಘಕ್ಕೆ ಹೋಯಿತು, ಮುಚ್ಚುವ ನೋಟೀಸು ವಾಪಸಾಯಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಂದಿನ ಎರಡು ದಿನ ಸಮಿತಿ, ಉಪಸಮಿತಿ, ಕಾಗದ. ಇನ್ನು ಮೇಲೆ ಕೇಂದ್ರಗಳಿಗೆ ಹೋಗುವ ಯಾವ ಸೂಚನೆಯೂ ಇಂಗ್ಲಿಷಿನಲ್ಲಿರಕೂಡದು, ಆಯಾ ಊರಿನ ಭಾಷೆಯಲ್ಲೇ ಹೋಗಬೇಕು ಎಂದು ನಾನು ಮೇಜು ಗುದ್ದಿ ಹಟ ಹಿಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದೆ ಇಟ್ಟ ಕಾಗದಗಳಿಗೆಲ್ಲ ಸಹಿ ಹಾಕಿದೆ. ಓದಿ ಹಾಕಿದೆನೆಂದು ಹೇಳಲಾರೆ.

ಬಾಕಿ ಕೆಲಸ ಮುಗಿಸಿ ಹೊಸಕಟ್ಟೆಗೆ ಬಂದಾಗ ಮಾರ್ಚ್ ಒಂದು. ಬೀರಮ್ಮನಿಗೆಂದು ಮೊಂಬಾಸಾದಿಂದ ಒಂದು ಸೀರೆಯಂಥ ಬಣ್ಣದ ಬಟ್ಟೆ ತಂದಿದ್ದೆ. ಬಸ್ಸಿಳಿದ ಕೂಡಲೇ ಏನೋ ಬೇರೆಯಾಗಿ ಕಂಡಿತು. ಬಿಸಿಲು ಕೆನ್ನೆಗೆ ಹೊಡೆದಂತೆ ಬಿತ್ತು. ಆಕಾಶ ಹಾಲು ಬೆರೆಸಿದ ಹಾಗಿರಲಿಲ್ಲ, ಕಡುನೀಲಿಯಾಗಿತ್ತು. ಅಂಥ ನೀಲಿಯನ್ನು ನಾನು ಏಳು ವರ್ಷದಿಂದ ಕಂಡಿರಲಿಲ್ಲ. ಆಗರದ ಕಟ್ಟೆಯ ಮೇಲೆ ಜನ ಉಪ್ಪು ಎಳೆಯುತ್ತ ಕೇಕೆ ಹಾಕುತ್ತಿದ್ದರು. ಉಪ್ಪು ಏಳನೇ ದಿನಕ್ಕೇ ಕೂಡಿದೆ ಎಂದು ಯಾರೋ ನನಗೆ ಕೂಗಿ ಹೇಳಿದರು. ಕಟ್ಟೆಯ ಕೊನೆಯಲ್ಲಿ ಮಾತ್ರ ಒಬ್ಬ ಮುದುಕನನ್ನು ನೆರಳಿನಲ್ಲಿ ಮಲಗಿಸಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

ನಾನು ಓಡಿದೆ. ಏಣಿ ಹತ್ತಿದೆ.

ಗಾಜಿನ ಗುಮ್ಮಟ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಪಕ್ಕದಲ್ಲಿ ಬೀರಮ್ಮ ಕೈಕಟ್ಟಿ ಕೂತಿದ್ದರು. ಪಂಚೆಯ ತುಂಡು ಮಡಿಸಿ ಬಾಟಲಿಯ ಮೇಲೆ ಇಟ್ಟಿತ್ತು.

"ಯಾಕೆ ಒರೆಸಲಿಲ್ಲ?" ಎಂದೆ.

"ಒರಸುಕಾಗ ಅಂತ ನೀವೇ ಕಾಗದ ಕಳ್ಸಿದ್ರಿ ಅಲ್ದಾ? ಹನ್ನೊಂದ್ ದಿನ ಆಯ್ತು. ಕೈ ತುರಸ್ತದೆ, ಆದ್ರೂ ಮುಟ್ಲಿಲ್ಲ ನಾನು."

ಕಾಗದವನ್ನು ಸೊಂಟದ ಸಂಚಿಯಿಂದ ತೆಗೆದು ಕೊಟ್ಟರು. ಅಚ್ಚಗನ್ನಡದಲ್ಲಿತ್ತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಎಲ್ಲ ಕೇಂದ್ರಗಳಲ್ಲೂ ಒಂದೇ ಕ್ರಮ ಇರುವ ಸಲುವಾಗಿ ಇಂದಿನಿಂದ ಗಾಜನ್ನು ಯಾರೂ ಮುಟ್ಟತಕ್ಕದ್ದಲ್ಲ. ಹಳೆಯ ಇಂಗ್ಲಿಷ್ ಚೀಟಿಯನ್ನೇ ಯಾರೋ ಗುಮಾಸ್ತ ಚಂದವಾಗಿ ಭಾಷಾಂತರ ಮಾಡಿಸಿ ಅರವತ್ತೊಂದು ಊರಿಗೆ ಕಳಿಸಿದ್ದ. ಕೆಳಗೆ ನನ್ನ ಸಹಿ.

ತಿದ್ದುಪಡಿ ತೆಗೆದಿದ್ದೆವು, ಒರೆಸುವ ಕೈಯನ್ನೂ ನಿಲ್ಲಿಸಿದ್ದೆವು. ಉಪ್ಪಿನ ಪೊರೆ ಐದು ಪಾಲು ನುಂಗಿದರೆ, ಕೆಳಗಿಳಿಯುವ ತೊಂಬತ್ತಮೂರು ಪಾಲು ಬಿಸಿಲು ಯಂತ್ರಕ್ಕೆ ಎಂಬತ್ತೆಂಟಾಗಿ ಕಾಣುತ್ತದೆ. ಕಂಪ್ಯೂಟರ್ ನೆರಳು ವಿಪರೀತವಾಯಿತೆಂದು ಹಡಗು ನಿಲ್ಲಿಸುತ್ತದೆ. ಗಾಜು ಬೆಳ್ಳಗಾದಷ್ಟೂ ನಿಲ್ಲಿಸುತ್ತದೆ. ಹತ್ತು ವರ್ಷದಲ್ಲಿ ಬಿಡಬೇಕಾಗಿದ್ದ ಬಿಸಿಲನ್ನು ನಾನು ಹನ್ನೊಂದು ದಿನದಲ್ಲಿ ಬಿಟ್ಟಿದ್ದೆ.

ಪದ್ಮಜಾಗೆ ಫೋನು ಹಚ್ಚಿದೆ. "ಮೇಡಂ, ಹಡಗು ಎಷ್ಟು ನಡೀತಿವೆ?"

"ನಲವತ್ತು. ನಿನ್ನಿತನಕ ನೂರಿದ್ದು. ಅಂಕಿ ಹೇಳಿದಂಗ ಬಂದ್ ಮಾಡ್ಲಿಕ್ಕತ್ತಾರ. ಈಗ ಅಂಕಿ ಮ್ಯಾಲ ಎಲ್ಲಾರಿಗೂ ಭಾಳ ನಂಬಿಕಿ ಬಂದದ." ಅವರ ಧ್ವನಿ ಒಮ್ಮೆಲೇ ಇಳಿಯಿತು. "ಯಾಕ್ರೀ ನಾಯಕ್ರ? ಏನಾತು?"

ಹೇಳಿದೆ. ಆ ಕಡೆಯಿಂದ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಆಮೇಲೆ ಓಡುವ ಹೆಜ್ಜೆ. ಅವರು ಫೋನನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದರು.

ನಾನು ಪಂಚೆಯ ತುಂಡು ಕಸಿದುಕೊಂಡು ಗಾಜು ತಿಕ್ಕತೊಡಗಿದೆ. ಉಪ್ಪು ಕರಕರ ಎಂದಿತು. ಬೀರಮ್ಮ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಹಾಂಗಲ್ಲ ತಮಾ. ಒಣದು ತಿಕ್ಕಿದ್ರೆ ಗೆರೆ ಬೀಳ್ತದೆ. ಮೊದ್ಲು ನೆನಸ್ಬೇಕು."

ಏಳು ವರ್ಷದಲ್ಲಿ ಅವರು ನನ್ನನ್ನು ತಮಾ ಎಂದಿದ್ದು ಅದೇ ಮೊದಲು. ಬಟ್ಟೆ ಅವರ ಕೈಗೆ ಕೊಟ್ಟೆ. ಅವರು ಮಳೆನೀರು ಹನಿಸಿ ಒರೆಸತೊಡಗಿದರು. ಕೆಳಗೆ ಕಟ್ಟೆಯ ಮೇಲೆ ಇನ್ನೊಬ್ಬರು ಕುಸಿದು ಕೂತರು, ಕೇಕೆ ನಿಂತಿತ್ತು. ನಾನು ಕೇಂದ್ರಗಳ ಪಟ್ಟಿ ತೆಗೆದು ಮೊದಲ ಹೆಸರಿನಿಂದ ಶುರು ಮಾಡಿದೆ. ರತ್ನಾಗಿರಿಯವನು ಎತ್ತಿದ. ಗಾಜು ಮುಟ್ಟಿಲ್ಲ ಸಾಹೇಬರೇ, ದೇವರಾಣೆ ಮುಟ್ಟಿಲ್ಲ ಎಂದು ನಾನು ಕೇಳುವ ಮೊದಲೇ ಹೆಮ್ಮೆಯಿಂದ ಹೇಳಿದ.

"ಒರೆಸು," ಎಂದೆ. "ನನ್ನ ಕಾಗದ ಹರಿದುಹಾಕು. ಈಗಲೇ ಹೋಗಿ ಒರೆಸು."

ಇನ್ನೂ ಐವತ್ತೊಂಬತ್ತು ಹೆಸರಿದ್ದವು.